ದೋಣಿ ನಿಲ್ಲಲೇಬೇಕಾದ ಜಾಗ: ಸೇಂಟ್ ಲೂಯಿಸ್ ಹುಟ್ಟಿ ಬೆಳೆದ ಬಗೆ

ನದಿ ಹರಿದಲ್ಲೆಲ್ಲ ಪಟ್ಟಣ ಹುಟ್ಟುವುದಿಲ್ಲ. ಮಿಸಿಸಿಪ್ಪಿ ನದಿ ಉತ್ತರದ ಮಿನೆಸೋಟಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಸುಮಾರು 3,700 ಕಿಲೋಮೀಟರ್ ಹರಿಯುತ್ತದೆ. ಅದರ ದಡದ ಬಹುಪಾಲು ಇಂದಿಗೂ ಹೊಲ, ಜೌಗು, ಕುರುಚಲು ಕಾಡು. ಪಟ್ಟಣಗಳು ಎದ್ದಿರುವುದು ಕೆಲವೇ ಜಾಗಗಳಲ್ಲಿ. ಆ ಜಾಗಗಳಲ್ಲಿ ಒಂದು ಸಮಾನ ಗುಣ ಕಾಣುತ್ತದೆ: ಅಲ್ಲಿ ಪ್ರಯಾಣ ಒಮ್ಮೆ ಮುರಿಯುತ್ತದೆ. ಆಳವಾದ ನೀರು ಮುಗಿದು ಆಳವಿಲ್ಲದ ನೀರು ಶುರುವಾಗುತ್ತದೆ, ಅಥವಾ ಬಂಡೆಗಳು ಅಡ್ಡ ಬರುತ್ತವೆ, ಅಥವಾ ಇನ್ನೊಂದು ನದಿ ಬಂದು ಕೂಡುತ್ತದೆ. ದೊಡ್ಡ ದೋಣಿಯ ಸರಕನ್ನು ಇಳಿಸಿ ಸಣ್ಣದಕ್ಕೆ ಏರಿಸಬೇಕಾಗುತ್ತದೆ. ಇಳಿದ ಸರಕು ಕಾಯಬೇಕು. ಕಾಯುವ ಸರಕಿಗೆ ಉಗ್ರಾಣ ಬೇಕು. ಉಗ್ರಾಣಕ್ಕೆ ಕಾವಲುಗಾರ, ಹಮಾಲಿ, ಲೆಕ್ಕ ಬರೆಯುವವನು ಬೇಕು. ಅವರಿಗೆಲ್ಲ ಊಟದ ಮನೆ, ಕಮ್ಮಾರನ ಅಂಗಡಿ, ಸಾಲ ಕೊಡುವ ಸಾಹುಕಾರ ಬೇಕು. ಊರು ಬೆಳೆಯುವುದು ಹೀಗೆ.

ಈ ಮಾತಿಗೆ ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅದು ಏಕೆ ಹುಟ್ಟಿತು, ಏಕೆ ಅಷ್ಟು ಬೇಗ ಬೆಳೆಯಿತು, ಬೆಳೆದು ಏಕೆ ಸೊರಗಿತು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರವನ್ನು ಮೊದಲು ನದಿಯಲ್ಲಿ ಹುಡುಕಬೇಕು.

ಜಾಗವನ್ನು ನೋಡೋಣ. ಪಶ್ಚಿಮದ ರಾಕಿ ಪರ್ವತಗಳಿಂದ ಇಳಿದು ಬರುವ ಮಿಸ್ಸೌರಿ ನದಿ ಮಿಸಿಸಿಪ್ಪಿಯನ್ನು ಸೇರುವ ಸಂಗಮದಿಂದ ಸುಮಾರು 25 ಕಿಲೋಮೀಟರ್ ಕೆಳಗೆ ಈ ಊರಿದೆ. ಪೂರ್ವದಿಂದ ಬರುವ ಇಲಿನಾಯ್ ನದಿ ಆ ಸಂಗಮಕ್ಕೂ ಸ್ವಲ್ಪ ಮೇಲೆಯೇ ಕೂಡಿರುತ್ತದೆ. ಇನ್ನೂ ದಕ್ಷಿಣಕ್ಕೆ ಹೋದರೆ ಒಹಾಯೋ ನದಿ ಸಿಗುತ್ತದೆ. ಅಂದರೆ ಖಂಡದ ಮಧ್ಯಭಾಗದ ಜಲಮಾರ್ಗಗಳೆಲ್ಲ ಈ ಒಂದು ಪ್ರದೇಶದಲ್ಲಿ ಗಂಟು ಬಿದ್ದಿವೆ. ಸಂಗಮದ ಅಂಚಿನಲ್ಲೇ ಊರು ಕಟ್ಟಿದ್ದರೆ ಪ್ರತಿ ಪ್ರವಾಹದಲ್ಲೂ ಅದು ಮುಳುಗುತ್ತಿತ್ತು. ಆದರೆ ಸೇಂಟ್ ಲೂಯಿಸ್ ಇರುವಲ್ಲಿ ಪಶ್ಚಿಮ ದಡ ಸುಣ್ಣಕಲ್ಲಿನ ದಿಬ್ಬವಾಗಿ ಮೇಲೆದ್ದಿದೆ. ನೆರೆ ಮೇಲೆ ಹತ್ತುವುದಿಲ್ಲ, ದೋಣಿಯೂ ದೂರವಾಗುವುದಿಲ್ಲ. ಎದುರಿನ ಪೂರ್ವ ದಡವಾದರೋ ಮೈಲಿಗಟ್ಟಲೆ ತಗ್ಗಿನ ಬಯಲು.

ಈ ಪ್ರದೇಶದ ಮಹತ್ವವನ್ನು ಮೊದಲು ಕಂಡವರು ಯುರೋಪಿನವರಲ್ಲ. ಆ ಪೂರ್ವದ ಬಯಲಿನಲ್ಲಿ, ಇಂದಿನ ಊರಿನಿಂದ ಕೆಲವೇ ಮೈಲಿ ದೂರದಲ್ಲಿ, ಕಹೋಕಿಯಾ ಎಂದು ನಾವು ಇಂದು ಕರೆಯುವ ಮಹಾನಗರವಿತ್ತು. ಕ್ರಿ.ಶ. 1050ರಿಂದ 1200ರ ನಡುವೆ ಅದರ ಉಚ್ಛ್ರಾಯ ಕಾಲ. ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದರೆಂದು ಪುರಾತತ್ವಜ್ಞರ ಅಂದಾಜು. ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಅಲ್ಲಿನ ಮುಖ್ಯ ದಿಬ್ಬ ಸುಮಾರು ನೂರು ಅಡಿ ಎತ್ತರವಿದ್ದು ಇಂದಿಗೂ ನಿಂತಿದೆ. 1400ರ ಹೊತ್ತಿಗೆ ನಗರ ಬರಿದಾಗಿತ್ತು. ಪಶ್ಚಿಮ ದಡದಲ್ಲೂ ಅಂಥದೇ ದಿಬ್ಬಗಳ ಸಾಲಿತ್ತು. ಅವುಗಳಿಂದಲೇ ಮುಂದೆ ಸೇಂಟ್ ಲೂಯಿಸ್‌ಗೆ ದಿಬ್ಬಗಳ ನಗರ ಎಂಬ ಅಡ್ಡಹೆಸರು ಬಂದಿತು. ಊರು ಬೆಳೆಯುತ್ತ ಅವನ್ನು ಒಂದೊಂದಾಗಿ ಅಗೆದುಹಾಕಿತು. ಎಲ್ಲಕ್ಕಿಂತ ದೊಡ್ಡದು 1869ರಲ್ಲಿ ನೆಲಸಮವಾಗಿ, ಅದರ ಮಣ್ಣು ರೈಲು ಹಾದಿಯ ಕೆಳಗೆ ಹೋಯಿತು. ಸೇಂಟ್ ಲೂಯಿಸ್‌ನ ಇತಿಹಾಸವನ್ನು 1764ರಿಂದ ಶುರುಮಾಡುವ ರೂಢಿ ನನಗೆ ಒಪ್ಪಿಗೆಯಾಗದಿರುವುದು ಇದೇ ಕಾರಣಕ್ಕೆ.

ಇನ್ನು 1764ಕ್ಕೆ ಬರೋಣ. ಮಿಸಿಸಿಪ್ಪಿ ಸಮುದ್ರ ಸೇರುವ ಕಡೆಯ ಬಂದರಾದ ನ್ಯೂ ಆರ್ಲಿಯನ್ಸ್‌ನ ಒಂದು ವ್ಯಾಪಾರಿ ಸಂಸ್ಥೆಗೆ ಮಿಸ್ಸೌರಿ ನದಿಯ ಮೂಲನಿವಾಸಿಗಳೊಡನೆ ತುಪ್ಪಳದ ವ್ಯಾಪಾರ ಮಾಡುವ ಪರವಾನಗಿ ಸಿಕ್ಕಿತ್ತು. ಅದರ ಪಾಲುದಾರ ಪಿಯರ್ ಲಕ್ಲೇಡ್ ಎಂಬ ಫ್ರೆಂಚ್ ವ್ಯಾಪಾರಿ 1763ರ ಆಗಸ್ಟ್‌ನಲ್ಲಿ ಹೊರಟ. ಹೊಳೆಯ ಸೆಳೆತಕ್ಕೆ ಎದುರಾಗಿ ದೋಣಿಗಳನ್ನು ಹುಟ್ಟು ಹಾಕಿ, ಹಗ್ಗ ಕಟ್ಟಿ ಎಳೆದು ಮೇಲೆ ಬರಲು ಸುಮಾರು ಮೂರು ತಿಂಗಳು ಹಿಡಿಯಿತು. ಜೊತೆಗೆ ಓಗುಸ್ಟ್ ಶೂಟೊ ಎಂಬ ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗನಿದ್ದ. ಲಕ್ಲೇಡ್‌ನ ಸಂಗಾತಿ ಮಾರಿ ತೆರೇಸ್ ಶೂಟೊಳ ಮಗ ಅವನು. ಆಕೆಯ ಗಂಡ ಬಿಟ್ಟುಹೋಗಿದ್ದ. ಆದರೆ ಕಾನೂನಿನ ಪ್ರಕಾರ ಆ ಮದುವೆ ಮುರಿದಿರಲಿಲ್ಲ. ಹಾಗಾಗಿ ಲಕ್ಲೇಡ್‌ನಿಂದ ಹುಟ್ಟಿದ ಮಕ್ಕಳೂ ಶೂಟೊ ಎಂಬ ಹೆಸರನ್ನೇ ಹೊತ್ತರು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಊರಿನ ಹಣ, ಜಮೀನು, ವ್ಯಾಪಾರಗಳನ್ನೆಲ್ಲ ಹಿಡಿದಿಟ್ಟುಕೊಂಡದ್ದು ಇದೇ ಮನೆತನ.

ಡಿಸೆಂಬರಿನಲ್ಲಿ ಲಕ್ಲೇಡ್ ದಡ ಹುಡುಕುತ್ತ ಬಂದು ಆ ಸುಣ್ಣಕಲ್ಲಿನ ದಿಬ್ಬವನ್ನು ಆರಿಸಿದ, ಮರಗಳಿಗೆ ಗುರುತು ಹಾಕಿದ. ಫೆಬ್ರವರಿಯ ಮಧ್ಯದಲ್ಲಿ, ನದಿಯ ಮಂಜುಗಡ್ಡೆ ಸರಿದ ಮೇಲೆ, ಹುಡುಗ ಶೂಟೊನ ಜೊತೆಗೆ ಸುಮಾರು ಮೂವತ್ತು ಕೆಲಸಗಾರರನ್ನು ಕಳಿಸಿದ. ಅವರು ಮೊದಲು ಕಟ್ಟಿದ್ದು ಸಾಮಾನು ಇಡುವ ಕೊಟ್ಟಿಗೆಯನ್ನು, ಆಮೇಲೆ ತಾವು ಮಲಗಲು ಗುಡಿಸಲುಗಳನ್ನು. ಕೋಟೆಯೂ ಅಲ್ಲ, ಚರ್ಚೂ ಅಲ್ಲ, ಉಗ್ರಾಣ ಮೊದಲು ಎಂಬ ಈ ಕ್ರಮದಲ್ಲೇ ಊರಿನ ಸ್ವಭಾವ ಕಾಣುತ್ತದೆ. ಲಕ್ಲೇಡ್ ನ್ಯೂ ಆರ್ಲಿಯನ್ಸ್‌ನ ಮಾದರಿಯಲ್ಲಿ ಬೀದಿ ಹಾಕಿದ: ಹೊಳೆಗೆ ಸಮಾನಾಂತರವಾಗಿ ಮೂರು ಉದ್ದ ಬೀದಿಗಳು, ಅವನ್ನು ಕತ್ತರಿಸುವ ಅಡ್ಡಬೀದಿಗಳು; ನೀರಿನ ಎದುರಿಗೆ ಸಂತೆಯ ಮೈದಾನ, ಅದರ ಹಿಂದೆ ತನ್ನ ವ್ಯಾಪಾರದ ಮನೆ, ಅದರ ಹಿಂದೆ ಚರ್ಚಿಗೆ ಜಾಗ. ಫ್ರಾನ್ಸಿನ ರಾಜ ಹದಿನೈದನೆಯ ಲೂಯಿಯ ಪೂರ್ವಜನೂ ಸಂತನೂ ಆದ ಒಂಬತ್ತನೆಯ ಲೂಯಿಯ ಹೆಸರನ್ನು ಊರಿಗೆ ಇಟ್ಟ.

ಆದರೆ ಆ ನೆಲ ಆಗಲೇ ಫ್ರಾನ್ಸಿನದಾಗಿರಲಿಲ್ಲ! 1762ರ ಗುಟ್ಟಿನ ಒಪ್ಪಂದವೊಂದರಲ್ಲಿ ಫ್ರಾನ್ಸ್ ಮಿಸಿಸಿಪ್ಪಿಯ ಪಶ್ಚಿಮದ ಭಾಗವನ್ನು ಸ್ಪೇನಿಗೆ ಬಿಟ್ಟುಕೊಟ್ಟಿತ್ತು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಪೂರ್ವದ ಭಾಗ ಬ್ರಿಟನ್ನಿಗೆ ಹೋಯಿತು. ಪೂರ್ವದ ಸುದ್ದಿ ಲಕ್ಲೇಡ್‌ಗೆ ತಿಳಿದಿತ್ತು, ಪಶ್ಚಿಮದ್ದು ತಿಳಿದಿರಲಿಲ್ಲ. ಈ ಅರ್ಧ ಸುದ್ದಿಯೇ ಅವನಿಗೆ ಲಾಭ ತಂದಿತು. ಪೂರ್ವ ದಡದ ಹಳ್ಳಿಗಳಲ್ಲಿದ್ದ ಫ್ರೆಂಚ್ ಕುಟುಂಬಗಳು ಬ್ರಿಟಿಷ್ ಆಳ್ವಿಕೆಯಲ್ಲಿ ಬದುಕಲು ಒಲ್ಲದೆ, ಫ್ರೆಂಚ್ ನೆಲವೆಂದು ನಂಬಿ ಹೊಳೆ ದಾಟಿ ಬಂದವು. ಕೆಲವರು ತಮ್ಮ ಮನೆಯ ಬಾಗಿಲು, ಕಿಟಕಿ, ಹಲಗೆಗಳನ್ನೂ ಕಿತ್ತು ತಂದರು. ಹೀಗೆ ಸೇಂಟ್ ಲೂಯಿಸ್ ಸ್ಪೇನಿನ ಆಡಳಿತದಲ್ಲಿ ಫ್ರೆಂಚ್ ಮಾತಾಡುವ ಊರಾಗಿ ನಲವತ್ತು ವರ್ಷ ಬಾಳಿತು.

ಅದರ ಜೀವ ಇದ್ದದ್ದು ತುಪ್ಪಳದಲ್ಲಿ. ಪಶ್ಚಿಮದ ಮೂಲನಿವಾಸಿಗಳಾದ ಓಸೇಜ್ ಬೇಟೆಗಾರರು ಜಿಂಕೆ, ಬೀವರ್ ಮುಂತಾದ ಪ್ರಾಣಿಗಳ ಚರ್ಮ ತರುತ್ತಿದ್ದರು. ಬದಲಿಗೆ ಬಟ್ಟೆ, ಕೊಡಲಿ, ಕೋವಿ, ಮದ್ದುಗುಂಡು ಒಯ್ಯುತ್ತಿದ್ದರು. ನಾಣ್ಯ ಅಪರೂಪವಾಗಿದ್ದರಿಂದ ಊರೊಳಗೂ ಚರ್ಮವೇ ಹಣವಾಗಿ ನಡೆಯಿತು. ಬೇಸಾಯದತ್ತ ಗಮನ ಕಡಿಮೆ. ರೊಟ್ಟಿಗೆ ಗತಿಯಿಲ್ಲದ ಊರು ಎಂದು ನೆರೆಹಳ್ಳಿಯವರು ಆಡಿಕೊಳ್ಳುತ್ತಿದ್ದರು. ಈ ವ್ಯಾಪಾರ ನಿಂತದ್ದು ಓಸೇಜರ ಸ್ನೇಹದ ಮೇಲೆ. ಶೂಟೊ ಸಹೋದರರು ಅವರ ಭಾಷೆ ಕಲಿತು, ಅವರ ನಡುವೆ ಬಾಳಿ ಆ ಸ್ನೇಹವನ್ನು ಗಳಿಸಿದರು. ಅದಕ್ಕೆ ಓಸೇಜರಿಗೆ ಸಿಕ್ಕ ಪ್ರತಿಫಲ ಕಹಿಯಾದದ್ದು. 1808 ಮತ್ತು 1825ರ ಒಪ್ಪಂದಗಳಲ್ಲಿ ಅಮೆರಿಕ ಸರ್ಕಾರ ಅವರ ಮಿಸ್ಸೌರಿಯ ನೆಲವನ್ನೆಲ್ಲ ಕಿತ್ತುಕೊಂಡಿತು. ಎರಡನೆಯದಕ್ಕೆ ಸಹಿಯಾದದ್ದು ಸೇಂಟ್ ಲೂಯಿಸ್‌ನಲ್ಲಿಯೇ. ಊರೊಳಗೆ ಉಳಿದಿರುವ ಕೊನೆಯ ಪುರಾತನ ದಿಬ್ಬದ ಒಂದು ಭಾಗವನ್ನು ಓಸೇಜ್ ರಾಷ್ಟ್ರ 2009ರಲ್ಲಿ ಹಣ ಕೊಟ್ಟು ಕೊಂಡುಕೊಳ್ಳಬೇಕಾಯಿತು.

1780ರ ಮೇ 26ರಂದು, ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, ಬ್ರಿಟಿಷರ ಪರವಾದ ದೊಡ್ಡ ಪಡೆಯೊಂದು ಊರಿನ ಮೇಲೆ ಬಿದ್ದಿತು. ಸ್ಪೇನಿನ ಅಧಿಕಾರಿ ಫರ್ನಾಂಡೊ ದೆ ಲೇಬಾ ಅವಸರದಲ್ಲಿ ಕಟ್ಟಿಸಿದ್ದ ಕಲ್ಲಿನ ಗೋಪುರದ ಮೇಲಿನ ಫಿರಂಗಿಗಳು ಊರನ್ನು ಉಳಿಸಿದವು. ಹೊಲದಲ್ಲಿದ್ದ ಅನೇಕರು ಉಳಿಯಲಿಲ್ಲ.

1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಯಿಸಿಯಾನಾ ಎಂದು ಕರೆಯುತ್ತಿದ್ದ ಮಿಸಿಸಿಪ್ಪಿಯ ಪಶ್ಚಿಮದ ನೆಲವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು. ಸ್ಪೇನ್ ಆ ನೆಲವನ್ನು ಕಾಗದದ ಮೇಲೆ ಫ್ರಾನ್ಸಿಗೆ ಮರಳಿಸಿತ್ತೇ ಹೊರತು ಸೇಂಟ್ ಲೂಯಿಸ್‌ನಲ್ಲಿ ಹಸ್ತಾಂತರ ನಡೆದಿರಲಿಲ್ಲ. ಹಾಗಾಗಿ 1804ರ ಮಾರ್ಚ್ 9ರಂದು ಸ್ಪೇನಿನ ಬಾವುಟ ಇಳಿದು ಫ್ರಾನ್ಸಿನದು ಏರಿತು. ಫ್ರೆಂಚ್ ಊರಿನವರ ಕೋರಿಕೆಯ ಮೇಲೆ ಅದು ಒಂದು ರಾತ್ರಿ ಹಾರಿತು. ಮರುದಿನ ಅಮೆರಿಕದ್ದು ಬಂದಿತು. ಅದೇ ಮೇ ತಿಂಗಳಲ್ಲಿ ಪಶ್ಚಿಮವನ್ನು ಶೋಧಿಸಲು ಸರ್ಕಾರ ಕಳಿಸಿದ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಮಿಸ್ಸೌರಿ ನದಿ ಹಿಡಿದು ಪಶ್ಚಿಮಕ್ಕೆ ಹೊರಟರು. 1806ರ ಸೆಪ್ಟೆಂಬರಿನಲ್ಲಿ ಅವರು ಮರಳಿ ಬಂದಾಗ ಪಶ್ಚಿಮದ ನದಿಗಳ ಬಗ್ಗೆ ಅತಿ ಹೆಚ್ಚು ತಿಳಿವಳಿಕೆ ಸೇರಿದ್ದ ಊರು ಇದೇ ಆಗಿತ್ತು. ಕ್ಲಾರ್ಕ್ ಮುಂದೆ ಇಲ್ಲಿಯೇ ನೆಲೆಸಿ 1838ರಲ್ಲಿ ತೀರಿಕೊಂಡ.

ಆದರೂ ಆಗ ಇದು ಸುಮಾರು ಸಾವಿರ ಜನರ ಹಳ್ಳಿ. ಅದನ್ನು ನಗರವಾಗಿಸಿದ್ದು ಉಗಿ. 1817ರಲ್ಲಿ ‘ಜೆಬ್ಯುಲನ್ ಎಂ. ಪೈಕ್’ ಎಂಬ ಮೊದಲ ಉಗಿದೋಣಿ ಊರಿನ ಕಟ್ಟೆ ಮುಟ್ಟಿತು. ಅದಕ್ಕೆ ಮುಂಚೆ ಕೆಳಗೆ ಹೋಗುವುದು ಸುಲಭ, ಮೇಲೆ ಬರುವುದು ತಿಂಗಳುಗಳ ಹೆಣಗಾಟ. ನದಿ ಒಂದೇ ದಿಕ್ಕಿನ ರಸ್ತೆಯಾಗಿತ್ತು. ಉಗಿದೋಣಿ ಅದನ್ನು ಎರಡೂ ದಿಕ್ಕಿನ ರಸ್ತೆಯಾಗಿ ಮಾಡಿತು. ಮೂರು ತಿಂಗಳ ನ್ಯೂ ಆರ್ಲಿಯನ್ಸ್ ಹಾದಿಯನ್ನು 1840ರ ದಶಕದಲ್ಲಿ ಅತಿ ವೇಗದ ದೋಣಿಗಳು ನಾಲ್ಕೇ ದಿನಗಳಲ್ಲಿ ಕ್ರಮಿಸಿದವು.

ಇಲ್ಲಿ ನದಿಯ ಆಳದ ಲೆಕ್ಕ ಕೆಲಸಕ್ಕೆ ಬಂದಿತು. ಸೇಂಟ್ ಲೂಯಿಸ್‌ನಿಂದ ಕೆಳಗೆ ಮಿಸ್ಸೌರಿಯ ನೀರೂ ಸೇರಿ ಹೊಳೆ ತುಂಬಿಕೊಂಡಿರುತ್ತದೆ. ಭಾರೀ ದೋಣಿಗಳು ಓಡಬಲ್ಲವು. ಮೇಲೆ ಮಿಸ್ಸೌರಿಯಲ್ಲಿ ಮರಳದಿಣ್ಣೆ, ನೀರೊಳಗೆ ನಾಟಿಕೊಂಡ ಮರದ ಬೊಡ್ಡೆ; ಮೇಲಿನ ಮಿಸಿಸಿಪ್ಪಿಯಲ್ಲಿ ಬಂಡೆಗಳ ಇಳಿಜಾರು. ಅಲ್ಲಿಗೆ ಹಗುರವಾದ, ತಳ ಚಪ್ಪಟೆಯಾದ ದೋಣಿಗಳೇ ಬೇಕು. ಆದ್ದರಿಂದ ದಕ್ಷಿಣದ ಸಕ್ಕರೆ, ಕಾಫಿ, ಬಟ್ಟೆ ಇಲ್ಲಿ ಇಳಿಯಲೇಬೇಕು. ಉತ್ತರದ ಸೀಸ, ಗೋಧಿ, ತುಪ್ಪಳ ಇಲ್ಲಿ ದೋಣಿ ಬದಲಿಸಲೇಬೇಕು. ಪ್ರತಿ ಮೂಟೆಯೂ ಇಳಿದು ಏರುವಾಗ ಊರಿಗೆ ಒಂದಿಷ್ಟು ಕೂಲಿ, ಒಂದಿಷ್ಟು ಬಾಡಿಗೆ, ಒಂದಿಷ್ಟು ದಲ್ಲಾಳಿ ಬಿಟ್ಟು ಹೋಗುತ್ತಿತ್ತು. 1830ರಲ್ಲಿ ಐದು ಸಾವಿರವೂ ಇಲ್ಲದ ಜನಸಂಖ್ಯೆ 1840ಕ್ಕೆ 16,469, 1850ಕ್ಕೆ 77,860, 1860ಕ್ಕೆ 1,60,773 ಆಯಿತು.

ಈ ಏರಿಕೆ ಒಮ್ಮೆ ನಿಂತೇಹೋಗುವ ಅಪಾಯವಿತ್ತು ಎಂಬುದನ್ನು ಹೆಚ್ಚು ಜನ ಗಮನಿಸುವುದಿಲ್ಲ. 1830ರ ದಶಕದಲ್ಲಿ ನದಿ ತನ್ನ ಮುಖ್ಯ ಪಾತ್ರವನ್ನು ಪೂರ್ವಕ್ಕೆ, ಇಲಿನಾಯ್ ದಡದತ್ತ ಸರಿಸತೊಡಗಿತು. ಊರಿನ ಮುಂದೆ ಮರಳು ಕೂಡಿ ದ್ವೀಪಗಳು ಎದ್ದವು. ಬಿಟ್ಟಿದ್ದರೆ ದೋಣಿಕಟ್ಟೆಯ ಎದುರು ಹೂಳು ತುಂಬಿ, ಬಂದರು ಹೊಲವಾಗುತ್ತಿತ್ತು. 1837ರಲ್ಲಿ ಸೈನ್ಯದ ಎಂಜಿನಿಯರ್ ಒಬ್ಬ ಬಂದು ನದಿಯ ಅಳತೆ ತೆಗೆದ. ಅವನೇ ಮುಂದೆ ಅಂತರ್ಯುದ್ಧದಲ್ಲಿ (ಗುಲಾಮಗಿರಿಯ ಸುತ್ತ ಉತ್ತರ, ದಕ್ಷಿಣ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ನಡೆದ ಯುದ್ಧ) ದಕ್ಷಿಣದ ಸೇನಾನಿಯಾದ ರಾಬರ್ಟ್ ಇ. ಲೀ. ಅವನ ಉಪಾಯ ಸರಳ: ಹೂಳನ್ನು ತೋಡುತ್ತ ಕೂರದೆ, ಮರದ ಗೂಟ ಮತ್ತು ಕಲ್ಲಿನ ಅಡ್ಡಕಟ್ಟೆ ಹಾಕಿ ಸೆಳೆತವನ್ನೇ ಪಶ್ಚಿಮಕ್ಕೆ ತಿರುಗಿಸುವುದು. ವೇಗವಾಗಿ ಹರಿಯುವ ನೀರು ತನ್ನ ತಳವನ್ನು ತಾನೇ ಕೊರೆದುಕೊಳ್ಳುತ್ತದೆ. ಹಾಗೆಯೇ ಆಯಿತು; ನದಿಯೇ ಹೂಳನ್ನು ಕೊಚ್ಚಿಕೊಂಡು ಹೋಯಿತು. ನಿಸರ್ಗ ಕೊಟ್ಟ ಬಂದರು ಅಂದಿನಿಂದ ಮನುಷ್ಯರು ಕಾದು ಉಳಿಸಿಕೊಳ್ಳಬೇಕಾದ ಬಂದರಾಯಿತು.

ಬೆಳವಣಿಗೆಯ ಬೆಲೆ 1849ರಲ್ಲಿ ಒಟ್ಟಿಗೆ ಬಂದಿತು. ಉಗಿದೋಣಿಗಳಲ್ಲಿ ಜನರ ಜೊತೆ ಕಾಲರಾ ಬಂದು ಆ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಚರಂಡಿಯಿಲ್ಲದ ಊರಿನ ಕೊಳಕು ನೀರು ಸುಣ್ಣಕಲ್ಲಿನ ಕುಳಿಗಳಿಗೂ ಕೆರೆಗೂ ಇಳಿಯುತ್ತಿತ್ತು. ಅದರ ನಡುವೆಯೇ ಮೇ 17ರ ರಾತ್ರಿ ‘ವೈಟ್ ಕ್ಲೌಡ್’ ಎಂಬ ದೋಣಿಗೆ ಬೆಂಕಿ ಬಿದ್ದಿತು. ಕಟ್ಟೆಯುದ್ದಕ್ಕೂ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. 23 ಉಗಿದೋಣಿಗಳೂ ನಾನೂರಕ್ಕೂ ಹೆಚ್ಚು ಕಟ್ಟಡಗಳೂ ಸುಟ್ಟುಹೋದವು. ಬೆಂಕಿಯ ಹಾದಿಯ ಕಟ್ಟಡಗಳನ್ನು ಮದ್ದಿಟ್ಟು ಸಿಡಿಸಿ ತಡೆಯಲು ಹೋದ ಅಗ್ನಿಶಾಮಕ ದಳದ ನಾಯಕ ಥಾಮಸ್ ಟಾರ್ಗೀ ಅದರಲ್ಲೇ ಪ್ರಾಣ ಬಿಟ್ಟ. ಊರು ಮರದ ಬದಲು ಇಟ್ಟಿಗೆ, ಕಬ್ಬಿಣದಲ್ಲಿ ಮತ್ತೆ ಎದ್ದಿತು. ನೆಲದಡಿ ಚರಂಡಿಗಳ ಕೆಲಸ ಆರಂಭವಾಯಿತು, ಹೊಲಸು ತುಂಬಿದ್ದ ಶೂಟೊ ಕೆರೆಯನ್ನು ಬತ್ತಿಸಲಾಯಿತು.

ಹೊಸದಾಗಿ ಬಂದವರಲ್ಲಿ ಜರ್ಮನರೂ ಐರಿಷರೂ ಹೆಚ್ಚು. 1860ರಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಜನ ವಿದೇಶದಲ್ಲಿ ಹುಟ್ಟಿದವರು. ಊರಿನಡಿಯ ಸುಣ್ಣಕಲ್ಲಿನ ಗುಹೆಗಳ ತಂಪಿನಲ್ಲಿ ಜರ್ಮನರು ಬಿಯರ್ ಹದಗೊಳಿಸಿದರು. ಇಂದಿಗೂ ಊರಿಗೆ ಅಂಟಿಕೊಂಡಿರುವ ಬಿಯರ್ ಉದ್ಯಮ ಶುರುವಾದದ್ದು ಹಾಗೆ.

ಇದೇ ಕಟ್ಟೆಯಲ್ಲಿ ಮನುಷ್ಯರನ್ನೂ ಏರಿಸಿ ಇಳಿಸುತ್ತಿದ್ದರು. ಗುಲಾಮಗಿರಿ ಊರಿನ ಮೊದಲ ವರ್ಷಗಳಿಂದಲೇ ಇತ್ತು. ಇಲ್ಲಿ ಮಾರಿದವರನ್ನು ಹೊಳೆಯ ಕೆಳಗಿನ ಹತ್ತಿ, ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದರು. ಎದುರು ದಡದ ಇಲಿನಾಯ್ ಕಾನೂನಿನ ಪ್ರಕಾರ ಗುಲಾಮಗಿರಿಯಿಲ್ಲದ ರಾಜ್ಯ. ಒಂದು ಹೊಳೆಯ ಅಗಲದಷ್ಟೇ ದೂರದಲ್ಲಿ ಬಿಡುಗಡೆ ಕಾಣುತ್ತಿತ್ತು. ಸ್ವತಂತ್ರ ನೆಲದಲ್ಲಿ ಬಾಳಿ ಬಂದದ್ದೇ ಮುಂತಾದ ಕಾರಣಗಳಿಗೆ ತಾವು ಸ್ವತಂತ್ರರು ಎಂದು ವಾದಿಸಿ ಸುಮಾರು ಮುನ್ನೂರು ಮೊಕದ್ದಮೆಗಳು ಈ ಊರಿನ ನ್ಯಾಯಾಲಯಕ್ಕೆ ಬಂದವು. ಡ್ರೆಡ್ ಸ್ಕಾಟ್ ಮತ್ತು ಹ್ಯಾರಿಯೆಟ್ ಸ್ಕಾಟ್ ದಂಪತಿಯದು ಅವುಗಳಲ್ಲಿ ಒಂದು. 1850ರಲ್ಲಿ ಇಲ್ಲಿನ ತೀರ್ಪುಗಾರರು ಅವರನ್ನು ಸ್ವತಂತ್ರರೆಂದರು; ರಾಜ್ಯದ ಮೇಲಿನ ನ್ಯಾಯಾಲಯ ಅದನ್ನು ತಿರುವಿಹಾಕಿತು; 1857ರಲ್ಲಿ ದೇಶದ ಸುಪ್ರೀಂ ಕೋರ್ಟ್ ಕಪ್ಪು ಜನರು ಪ್ರಜೆಗಳೇ ಅಲ್ಲವೆಂದಿತು. ಆ ಅನ್ಯಾಯದ ತೀರ್ಪು ಅಂತರ್ಯುದ್ಧವನ್ನು ಹತ್ತಿರ ತಂದಿತು. ಮೊದಲ ವಿಚಾರಣೆ ನಡೆದ ಕೋರ್ಟ್ ಕಟ್ಟಡ ಇಂದಿಗೂ ಊರಿನ ನಡುವೆ ಇದೆ.

ಈಗ ಸೊರಗಿದ ಕಥೆ. ನದಿಯುದ್ದಕ್ಕೂ ಸಾಗುವವರಿಗೆ ಸೇಂಟ್ ಲೂಯಿಸ್ ಗಂಟಾಗಿತ್ತು. ನದಿಯನ್ನು ಅಡ್ಡ ದಾಟುವವರಿಗೆ ಅದು ತಡೆಯಾಗಿತ್ತು. ರೈಲು ಬಂದ ಮೇಲೆ ದೇಶದ ವ್ಯಾಪಾರ ಪೂರ್ವ–ಪಶ್ಚಿಮವಾಗಿ ತಿರುಗಿತು. 1857ರಲ್ಲಿ ಪೂರ್ವದ ರೈಲು ಇಲ್ಲಿಗೆ ಬಂದಿತಾದರೂ ಎದುರು ದಡದಲ್ಲೇ ನಿಂತಿತು. ಸರಕನ್ನು ಇಳಿಸಿ, ದೋಣಿಗೆ ಹಾಕಿ, ದಾಟಿಸಿ, ಮತ್ತೆ ಏರಿಸಬೇಕು. ದಾಟುದೋಣಿಯವರಿಗೆ ಅದು ಲಾಭ, ಸರಕಿನವರಿಗೆ ಹೊರೆ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿದರೆ ಎಲ್ಲವೂ ಸ್ತಬ್ಧ. ಇತ್ತ 1856ರಲ್ಲಿಯೇ ಉತ್ತರದ ರಾಕ್ ಐಲೆಂಡ್ ಎಂಬಲ್ಲಿ ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆ ಬಿದ್ದಿತ್ತು. ಕೆಲವೇ ದಿನಗಳಲ್ಲಿ ‘ಎಫಿ ಆಫ್ಟನ್’ ಎಂಬ ಉಗಿದೋಣಿ ಅದಕ್ಕೆ ಬಡಿದು ಉರಿಯಿತು. ನದಿ ವ್ಯಾಪಾರದವರು ಸೇತುವೆಯ ವಿರುದ್ಧ ನಿಂತರು; ಸೇತುವೆಯ ಪರ ವಾದಿಸಿದವರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ಸೇತುವೆ ಉಳಿಯಿತು, ಶಿಕಾಗೋಗೆ ಪಶ್ಚಿಮದ ಬಾಗಿಲು ತೆರೆಯಿತು. ಆಮೇಲೆ ಅಂತರ್ಯುದ್ಧ ಕೆಳಗಿನ ನದಿಯನ್ನು ವರ್ಷಗಟ್ಟಲೆ ಮುಚ್ಚಿತು. ಆ ವರ್ಷಗಳಲ್ಲಿ ಶಿಕಾಗೋದ ರೈಲುಗಳು ಓಡುತ್ತಲೇ ಇದ್ದವು.

ಸೇಂಟ್ ಲೂಯಿಸ್‌ನ ಉತ್ತರ ಜೇಮ್ಸ್ ಈಡ್ಸ್ ಕಟ್ಟಿದ ಸೇತುವೆ. ಮುಳುಗಿದ ದೋಣಿಗಳ ಸರಕನ್ನು ಮೇಲೆತ್ತುತ್ತ, ಗಾಳಿ ತುಂಬಿದ ಗಂಟೆಯಾಕಾರದ ಕೋಣೆಯೊಳಗೆ ನಿಂತು ನದಿಯ ತಳದಲ್ಲಿ ನಡೆದಾಡಿದವನು ಅವನು. ತಳದ ಮರಳು ಎಷ್ಟು ಆಳದವರೆಗೆ ಚಲಿಸುತ್ತದೆಂದು ತಿಳಿದಿದ್ದರಿಂದ, ಕಂಬಗಳನ್ನು ಗಟ್ಟಿ ಬಂಡೆಯ ಮೇಲೆಯೇ ನಿಲ್ಲಿಸಬೇಕೆಂದು ಹಟ ಹಿಡಿದ. ಪೂರ್ವದ ಕಂಬಕ್ಕೆ ಬಂಡೆ ಸಿಕ್ಕಿದ್ದು ನೀರಿನ ಮಟ್ಟದಿಂದ 90 ಅಡಿಗೂ ಆಳದಲ್ಲಿ. ಒತ್ತಿದ ಗಾಳಿ ತುಂಬಿದ ಕಬ್ಬಿಣದ ಕೋಣೆಯಲ್ಲಿ ಕೆಲಸಗಾರರು ಕೆಳಗೆ ಅಗೆಯುತ್ತ ಹೋದಂತೆ ಮೇಲೆ ಕಲ್ಲಿನ ಕಂಬ ಏರುತ್ತಿತ್ತು, ಭಾರಕ್ಕೆ ಕೋಣೆ ಇಳಿಯುತ್ತಿತ್ತು. ಒತ್ತಡದಲ್ಲಿ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಬೇಗನೆ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಕೀಲು, ನರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದು ಇದು ಯಾರಿಗೂ ಅರ್ಥವಾಗಿರಲಿಲ್ಲ. ಹದಿನೈದರಷ್ಟು ಕೂಲಿಗಳು ಸತ್ತರು, ಕೆಲವರು ಬದುಕಿಡೀ ಹೆಳವರಾದರು. ಆ ಸೇತುವೆಯ ಚೆಲುವನ್ನು ಹೊಗಳುವಾಗ ಅವರನ್ನು ಬಿಟ್ಟು ಮಾತಾಡಬಾರದು. 500 ಅಡಿಗೂ ಮೀರಿದ ಮೂರು ಉಕ್ಕಿನ ಕಮಾನುಗಳ ಈ ಸೇತುವೆ 1874ರ ಜುಲೈ 4ರಂದು ತೆರೆಯಿತು. ಉಕ್ಕನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಲ ಸೇತುವೆಗಳಲ್ಲಿ ಇದೊಂದು.

ಆದರೆ ತಡವಾಗಿತ್ತು. ಸೇತುವೆಯ ಕಂಪನಿ ಮರುವರ್ಷವೇ ದಿವಾಳಿಯಾಯಿತು. 1880ರ ಜನಗಣತಿಯಲ್ಲಿ ಸೇಂಟ್ ಲೂಯಿಸ್ 3,50,518. ಮೂವತ್ತು ವರ್ಷ ಹಿಂದೆ ಅದರ ಅರ್ಧವೂ ಇರದಿದ್ದ ಶಿಕಾಗೋ 5,03,185. ಸರಕು ಇಲ್ಲಿ ಇಳಿಯದೆಯೇ ಸಾಗಬಲ್ಲದಾದ ಮೇಲೆ ನದಿಯ ದಡಕ್ಕೆ ಹಳೆಯ ಆದಾಯವಿರಲಿಲ್ಲ. ಕಾರ್ಖಾನೆಗಳಿಂದ ಊರು ಮುಂದೆಯೂ ಬೆಳೆಯಿತು, 1904ರಲ್ಲಿ ಜಾಗತಿಕ ವಸ್ತುಪ್ರದರ್ಶನವನ್ನೂ ನಡೆಸಿತು. ಲಕ್ಲೇಡ್ ಬೀದಿ ಹಾಕಿದ ಜಾಗ ಮಾತ್ರ ಹಳೆಯ ಉಗ್ರಾಣಗಳ ಕೇರಿಯಾಗಿ ಉಳಿಯಿತು. 1939ರಿಂದ ಸುಮಾರು ನಲವತ್ತು ಬ್ಲಾಕುಗಳನ್ನು ಕೆಡವಿ ಸ್ಮಾರಕಕ್ಕೆ ಜಾಗ ಮಾಡಿದರು. 1965ರಲ್ಲಿ ಪೂರ್ಣಗೊಂಡ 630 ಅಡಿಯ ಉಕ್ಕಿನ ಕಮಾನು, ಈರೊ ಸಾರಿನೆನ್ ವಿನ್ಯಾಸ ಮಾಡಿದ್ದು, ಅಲ್ಲಿ ನಿಂತಿದೆ. ಕಮಾನು ಅದ್ಭುತವಾಗಿದೆ, ಆದರೆ ಪಟ್ಟಣದ ಹುಟ್ಟನ್ನು ಸ್ಮರಿಸಲು ಹುಟ್ಟಿದ ಜಾಗವನ್ನೇ ಅಳಿಸಿದ್ದು ಸರಿಯಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. 1764ರಲ್ಲಿ ಚರ್ಚಿಗೆಂದು ಬಿಟ್ಟ ನಿವೇಶನದಲ್ಲಿ 1834ರ ಹಳೆಯ ಕ್ಯಾಥೆಡ್ರಲ್ ಉಳಿದಿರುವುದೊಂದೇ ಸಮಾಧಾನ.

ನದಿಯ ವ್ಯಾಪಾರ ಸತ್ತಿಲ್ಲ, ಜನರ ಕಣ್ಣಿನಿಂದ ದೂರ ಸರಿದಿದೆ. ಉತ್ತರದಿಂದ ಜೋಳ, ಸೋಯಾ ಹೊತ್ತು ಬರುವ ಬಾರ್ಜ್‌ಗಳು (ಚಪ್ಪಟೆ ತಳದ ಸರಕು ದೋಣಿಗಳು) ಲಾಕ್‌ಗಳ (ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಳ್ಳ ಕೋಣೆಗಳು) ಅಳತೆಗೆ ತಕ್ಕಂತೆ ಹೆಚ್ಚೆಂದರೆ ಹದಿನೈದರ ಗುಂಪಾಗಿ ಬರುತ್ತವೆ. ಕೊನೆಯ ಲಾಕ್ ಊರಿನ ಉತ್ತರಕ್ಕಿದೆ. ಅಲ್ಲಿಂದ ಸಮುದ್ರದವರೆಗೆ ಮಿಸಿಸಿಪ್ಪಿಗೆ ಒಂದೂ ಲಾಕ್ ಇಲ್ಲ. ಆದ್ದರಿಂದ ಸೇಂಟ್ ಲೂಯಿಸ್ ಬಳಿ ಅವನ್ನು ಬಿಚ್ಚಿ, ಮೂವತ್ತು ನಲವತ್ತರ ದೊಡ್ಡ ಗುಂಪುಗಳಾಗಿ ಮತ್ತೆ ಕಟ್ಟಿ ಕೆಳಗೆ ಕಳಿಸುತ್ತಾರೆ.

ನಗರದ ಜನಸಂಖ್ಯೆ 1950ರಲ್ಲಿ 8,56,796ಕ್ಕೆ ಏರಿ, 2020ರಲ್ಲಿ 3,01,578ಕ್ಕೆ ಇಳಿದದ್ದಕ್ಕೆ ನದಿಯನ್ನಾಗಲಿ ರೈಲನ್ನಾಗಲಿ ದೂರುವುದು ತಪ್ಪು. ಅದಕ್ಕೆ ಮನುಷ್ಯರು ತಾವೇ ಎಳೆದ ಗೆರೆಯೊಂದು ಕಾರಣಗಳಲ್ಲಿ ದೊಡ್ಡದು. 1876ರಲ್ಲಿ, ಸುತ್ತಲಿನ ಹಳ್ಳಿಗಳಿಗೆ ತಮ್ಮ ತೆರಿಗೆ ಹೋಗಬಾರದೆಂದು, ನಗರ ತನ್ನ ಕೌಂಟಿಯಿಂದ, ಅಂದರೆ ಜಿಲ್ಲೆಯಂಥ ಆಡಳಿತ ವಿಭಾಗದಿಂದ, ಬೇರೆಯಾಯಿತು. ಸುಮಾರು 61 ಚದರ ಮೈಲಿಯ ಗಡಿ ಹಾಕಿಕೊಂಡಾಗ ಅದು ಎಂದೂ ತುಂಬದಷ್ಟು ವಿಶಾಲವೆನಿಸಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಹೆದ್ದಾರಿ ಬಂದು, ಮೊದಲು ಬಿಳಿಯರು, ಆಮೇಲೆ ಮಧ್ಯಮ ವರ್ಗದ ಇತರರೂ ಹೊರವಲಯಕ್ಕೆ ಸರಿದಾಗ, ತೆರಿಗೆ, ಶಾಲೆ, ಉದ್ಯೋಗಗಳೆಲ್ಲ ಆ ಗೆರೆಯ ಆಚೆಗೆ ಹೋದವು. ಬೇರೆ ನಗರಗಳಂತೆ ಹೊರವಲಯವನ್ನು ಒಳಗೆ ಸೇರಿಸಿಕೊಳ್ಳಲು ಇದಕ್ಕೆ ದಾರಿಯಿರಲಿಲ್ಲ. ಮಹಾನಗರ ಪ್ರದೇಶದಲ್ಲಿ ಇಂದು ಇಪ್ಪತ್ತೇಳು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ; ಅವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ ನಗರದ ಗಡಿಯೊಳಗಿದ್ದಾರೆ. ನಗರ ಮತ್ತು ಕೌಂಟಿಯನ್ನು ಒಂದುಗೂಡಿಸುವ ಯೋಜನೆಗಳನ್ನು 1926ರಲ್ಲಿ, 1962ರಲ್ಲಿ ಮತದಾರರು ತಿರಸ್ಕರಿಸಿದರು. 2019ರ ಯೋಜನೆ ಮತದಾನಕ್ಕೂ ಹೋಗದೆ ಹಿಂದಕ್ಕೆ ಸರಿಯಿತು. ಗೆರೆ ಇಂದಿಗೂ 1876ರಲ್ಲಿ ಇದ್ದಲ್ಲೇ ಇದೆ.